ಮೂವತ್ತೈದು ಸಾವಿರ ಅಡಿ ಮೇಲೆ ಏಕಾದಶಿ ಯಾವಾಗ?

ರಾಮಗಿರಿ ಸೀಮೆಯ ತೋಟದ ಮನೆಗಳಿಗೆ ನ್ಯೂಜೆರ್ಸಿ ಈಗ ಕೇಳದ ಊರೇನಲ್ಲ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಲ್ಲೇ ಹೋಗಿ, ಮಗಳ ಬಾಣಂತನಕ್ಕೆಂದು ಅಮೆರಿಕದಲ್ಲಿ ಆರು ತಿಂಗಳು ಇದ್ದು ಬಂದ ಒಬ್ಬ ಅಜ್ಜಿ ಸಿಕ್ಕೇ ಸಿಗುತ್ತಾರೆ. ವೀಸಾ, ಟಿಕೆಟ್ಟು, ಸ್ವೆಟರು ಎಲ್ಲವನ್ನೂ ಮಗ, ಅಳಿಯ ನೋಡಿಕೊಳ್ಳುತ್ತಾರೆ. ಅಜ್ಜಿಯ ಚಿಂತೆಯೇ ಬೇರೆ. ವಿಮಾನದಲ್ಲಿ ಲಿಂಗಪೂಜೆ ಹೇಗೆ? ತಪಾಸಣೆಯವರು ಲಿಂಗದ ಕರಡಿಗೆ ಬಿಚ್ಚು ಅಂದರೆ ಏನು ಮಾಡುವುದು? ಪಕ್ಕದ ಬ್ರಾಹ್ಮಣರ ಕೇರಿಯ ಅಜ್ಜಿಯಾದರೆ, ಏಕಾದಶಿ ದಿನವೇ ಹೊರಟರೆ ಪಾರಣೆ ಯಾವ ಊರಿನ ದ್ವಾದಶಿಗೆ? ಊರಲ್ಲಿ ಬಲ್ಲವರನ್ನು ಕೇಳಿದರೆ ಸಿಗುವ ಉತ್ತರ ಬಹುಪಾಲು ಒಂದೇ: ಪ್ರಯಾಣದಲ್ಲಿ ಎಲ್ಲ ನಡೆಯುತ್ತೆ, ಮನಸ್ಸಿನಲ್ಲೇ ಮಾಡಿಕೊಳ್ಳಿ ತಾಯಿ. ಉದಾರವಾದ ಮಾತೇ ಸರಿ. ಆದರೆ ಅಜ್ಜಿ ಕೇಳಿದ್ದಕ್ಕೆ ಅದು ಉತ್ತರವಲ್ಲ.

ಇಂಥ ಪ್ರಶ್ನೆಗಳನ್ನು ಒಂದೂ ಬಿಡದೆ ಎತ್ತಿಕೊಂಡು, ವಾದ ಮಾಡಿ, ಬರೆದಿಟ್ಟವರು ಯಹೂದಿಗಳು. ಕರ್ನಾಟಕದಲ್ಲಿ ಅವರು ಬೆರಳೆಣಿಕೆಯವರು. ಬೆಂಗಳೂರಿನಲ್ಲಿ ಅವರದೊಂದು ಸ್ಮಶಾನ ಇದೆ; 1904ರಲ್ಲಿ ಅದಕ್ಕೆ ಜಾಗ ಕೊಡಿಸಿದವರು ಕಮರ್ಷಿಯಲ್ ಸ್ಟ್ರೀಟಿನ ವ್ಯಾಪಾರಿ ರೂಬಿನ್ ಮೋಸೆಸ್. ಎರಡು ಸಾವಿರ ವರ್ಷ ಊರೂರು ಅಲೆದ ಜನ ಅದು. ಧರ್ಮವನ್ನು ಹೊತ್ತುಕೊಂಡೇ ತಿರುಗಬೇಕಾದವರಿಗೆ ಪ್ರಯಾಣದ ನಿಯಮ ಬೇಕೇ ಬೇಕಲ್ಲ.

ಅವರ ಶಬ್ಬತ್ ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗಿ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಇರುತ್ತದೆ. ಆ ಹೊತ್ತಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲ, ವ್ಯವಹಾರ ಕೂಡದು, ತಂಗಿದ ಊರಿನ ಅಂಚಿನಿಂದ ಎರಡು ಸಾವಿರ ಮೊಳ, ಅಂದರೆ ಸುಮಾರು ಒಂದು ಕಿಲೋಮೀಟರ್, ದಾಟಿ ಹೋಗುವಂತಿಲ್ಲ. ಹಾಗಾದರೆ ಹಡಗಿನಲ್ಲಿರುವಾಗ ಶಬ್ಬತ್ ಬಂದರೆ? ಕ್ರಿಸ್ತಶಕ 200ರ ಸುಮಾರಿಗೆ ಸಂಗ್ರಹವಾದ ಮಿಶ್ನಾ ಗ್ರಂಥದಲ್ಲಿ ಇದರ ಪ್ರಸಂಗವೇ ಇದೆ. ನಾಲ್ವರು ರಬ್ಬಿಗಳು, ಅಂದರೆ ಧರ್ಮಪಂಡಿತರು, ಹಡಗಿನಲ್ಲಿದ್ದಾಗ ಅದು ಶಬ್ಬತ್ ದಿನ ಎಲ್ಲೆ ದಾಟಿ ಸಾಗಿತು. ಇಬ್ಬರು ಹಡಗಿನ ತುಂಬ ಓಡಾಡಿದರು. ರಬ್ಬಿ ಯೆಹೋಶುವ ಮತ್ತು ರಬ್ಬಿ ಅಕೀವ ಮಾತ್ರ ನಿಂತಲ್ಲಿಂದ ನಾಲ್ಕು ಮೊಳದಾಚೆ ಅಲುಗಲಿಲ್ಲ. ಗ್ರಂಥ ಎರಡೂ ನಡೆಯನ್ನು ದಾಖಲಿಸುತ್ತದೆ, ಯಾರನ್ನೂ ಬಯ್ಯುವುದಿಲ್ಲ. ಇನ್ನೊಮ್ಮೆ ಹಡಗು ಬಂದರಿನೊಳಗೆ ಬಂದಾಗ ಕತ್ತಲಾಗಿ ಶಬ್ಬತ್ ಶುರುವಾಗಿಬಿಟ್ಟಿತ್ತು. ಇಳಿಯಬಹುದೇ ಎಂದು ಕೇಳಿದವರಿಗೆ ರಬ್ಬಾನ್ ಗಮಲಿಯೇಲ್ ಇಳಿಯಿರಿ ಎಂದರು. ಕತ್ತಲಾಗುವ ಮೊದಲೇ ಹಡಗು ಎಲ್ಲೆಯೊಳಗೆ ಬಂದಿದ್ದನ್ನು ಅವರು ಗಮನಿಸಿಕೊಂಡಿದ್ದರು. ಎರಡು ಸಾವಿರ ಮೊಳದ ದೂರ ಅಳೆಯಲು ಅವರ ಬಳಿ ಒಂದು ನೋಟದ ಕೊಳವೆ ಇತ್ತೆಂದು ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥ ತಾಲ್ಮುದ್ ಹೇಳುತ್ತದೆ. ಧರ್ಮಗುರುವಿನ ಕೈಯಲ್ಲಿ ಅಳತೆಯ ಸಾಧನ ಇದ್ದದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಅದೇ ತಾಲ್ಮುದ್ ಇನ್ನೊಂದು ವಿಚಿತ್ರ ಪ್ರಶ್ನೆ ಎತ್ತುತ್ತದೆ. ನೆಲದಿಂದ ಹತ್ತು ಹಿಡಿ ಎತ್ತರದ ಮೇಲೆ ಹೋಗುವವನಿಗೆ ಈ ಎಲ್ಲೆಯ ನಿಯಮ ಅನ್ವಯಿಸುತ್ತದೆಯೇ ಇಲ್ಲವೇ? ಹತ್ತು ಹಿಡಿ ಎಂದರೆ ಒಂದು ಮೀಟರಿಗೂ ಕಡಿಮೆ. ಪಂಡಿತರು ವಾದ ಮಾಡಿದರು, ತೀರ್ಮಾನಕ್ಕೆ ಬರಲಿಲ್ಲ, ಪ್ರಶ್ನೆಯನ್ನು ಹಾಗೇ ಬಿಟ್ಟರು. ವಿಮಾನ ಬಂದ ಮೇಲೆ ಈ ಬಗೆಹರಿಯದ ವಾದಕ್ಕೆ ದಿಢೀರನೆ ಕೆಲಸ ಸಿಕ್ಕಿತು. ತಡವಾಗಿ ಹೊರಟ ವಿಮಾನ ಶುಕ್ರವಾರ ಸಂಜೆ ಕಳೆದು ಇಳಿದರೆ ಯಾತ್ರಿಕ ವಿಮಾನ ನಿಲ್ದಾಣದಿಂದ ಎಷ್ಟು ದೂರ ನಡೆಯಬಹುದು, ಸೂಟ್‌ಕೇಸು ಎತ್ತಬಹುದೇ, ಟ್ಯಾಕ್ಸಿ ಹತ್ತಬಹುದೇ ಎಂಬುದಕ್ಕೆಲ್ಲ ಈಗಿನ ರಬ್ಬಿಗಳು ಉತ್ತರ ಬರೆದಿದ್ದಾರೆ. ಟ್ಯಾಕ್ಸಿಯಂತೂ ಇಲ್ಲವೇ ಇಲ್ಲ.

ಇಸ್ರೇಲಿನ ಎಲ್ ಆಲ್ ವಿಮಾನ ಸಂಸ್ಥೆ 1982ರಿಂದ ಶಬ್ಬತ್ ದಿನ ಹಾರಾಟ ನಿಲ್ಲಿಸಿದೆ. 2018ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹಿಮದಿಂದ ಅದರ ಒಂದು ವಿಮಾನ ಗಂಟೆಗಟ್ಟಲೆ ತಡವಾಯಿತು. ಶಬ್ಬತ್ತಿಗೆ ಮುಂಚೆ ಟೆಲ್ ಅವೀವ್ ಮುಟ್ಟುವುದಿಲ್ಲ ಎಂದಾದಾಗ ವಿಮಾನ ಅಥೆನ್ಸಿನಲ್ಲಿ ಇಳಿಯಿತು. ನಿಷ್ಠಾವಂತರು ಅಲ್ಲೇ ಉಳಿದು ಶಬ್ಬತ್ ಕಳೆದರು. ಪ್ರಾರ್ಥನೆಯ ವಿಚಾರದಲ್ಲಿ ಯಹೂದಿಗಳ ನಿಯಮ ಇನ್ನೂ ವ್ಯಾವಹಾರಿಕ. ಹತ್ತು ಗಂಡಸರು ಕೂಡಿ ಪ್ರಾರ್ಥಿಸುವುದೇ ಉತ್ತಮ ನಿಜ, ಆದರೆ ಸೀಟುಗಳ ನಡುವಿನ ದಾರಿ ಕಟ್ಟಿ ಜನರಿಗೆ ತೊಂದರೆ ಕೊಡುವ ಬದಲು ಕೂತಲ್ಲೇ ಪ್ರಾರ್ಥಿಸುವುದು ಮೇಲು ಎಂದು ಅಮೆರಿಕದ ರಬ್ಬಿ ಮೋಶೆ ಫೈನ್‌ಸ್ಟೈನ್ ಅಂಥವರು ಹೇಳಿದರು. ಊಟಕ್ಕೆ ಕೋಷರ್, ಅಂದರೆ ಅವರ ಧರ್ಮನಿಯಮಕ್ಕೆ ಒಪ್ಪುವ ಆಹಾರದ, ಎರಡು ಸುತ್ತು ಮೊಹರು ಮಾಡಿದ ಪೊಟ್ಟಣ. ಬೇರೆ ಮಾಂಸದ ಜೊತೆ ಒಂದೇ ಓವನ್ನಿನಲ್ಲಿ ಬಿಸಿಯಾದರೂ ಮೈಲಿಗೆ ಆಗಬಾರದು, ಬಿಚ್ಚುವವನು ಉಣ್ಣುವವನೇ ಆಗಿರಬೇಕು.

ಎಲ್ಲವೂ ಸಲೀಸಾಗಿ ನಡೆದಿದೆ ಎಂದಲ್ಲ. ಪುರೋಹಿತ ವಂಶದವರು ಹೆಣದ ಸೂತಕಕ್ಕೆ ಒಳಗಾಗಬಾರದು. ವಿಮಾನ ಸ್ಮಶಾನದ ಮೇಲೆ ಹಾರಿದರೆ ಏನು ಗತಿ ಎಂದು, ಇಡೀ ಮೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕೂತ ಒಬ್ಬ ಯಾತ್ರಿಕನ ಚಿತ್ರ 2013ರಲ್ಲಿ ಜಗತ್ತೆಲ್ಲ ಓಡಾಡಿ ನಗೆಗೀಡಾಯಿತು. 2010ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಲೂಯಿವಿಲ್‌ಗೆ ಹೊರಟ ವಿಮಾನವನ್ನು ಫಿಲಡೆಲ್ಫಿಯಾಕ್ಕೆ ತಿರುಗಿಸಿ ಇಳಿಸಿದರು. ಕಾರಣ, ಹದಿನೇಳರ ಹುಡುಗನೊಬ್ಬ ಬೆಳಗಿನ ಪ್ರಾರ್ಥನೆಗೆ ಹಣೆಗೂ ತೋಳಿಗೂ ಕಟ್ಟಿಕೊಂಡ ತೆಫಿಲ್ಲಿನ್ ಎಂಬ ಚರ್ಮದ ಪೆಟ್ಟಿಗೆಗಳು ಸಿಬ್ಬಂದಿಗೆ ಬಾಂಬಿನಂತೆ ಕಂಡಿದ್ದವು. ಎದೆಯ ಮೇಲೆ ಬೆಳ್ಳಿ ಕರಡಿಗೆ ಕಟ್ಟಿಕೊಂಡು ಲೋಹಶೋಧಕದ ಚೌಕಟ್ಟು ದಾಟುವ ನಮ್ಮ ಅಜ್ಜಿಯರಿಗೆ ಈ ಹುಡುಗನ ಪಾಡು ಅರ್ಥವಾದೀತು.

ಎಲ್ಲದರ ಬುಡದಲ್ಲಿ ಇರುವುದು ಸೂರ್ಯನ ಪ್ರಶ್ನೆ. ಯಾವ ಊರಿನ ಸೂರ್ಯ? 1941ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡ ಯಹೂದಿ ನಿರಾಶ್ರಿತರು ಜಪಾನಿನ ಕೋಬೆಯಲ್ಲಿದ್ದರು. ಲಿಥುವೇನಿಯಾದಲ್ಲಿದ್ದ ಜಪಾನಿ ರಾಜತಾಂತ್ರಿಕ ಸುಗಿಹಾರ ಕೊಟ್ಟ ವೀಸಾ ಅವರನ್ನು ಉಳಿಸಿತ್ತು. ವರ್ಷದ ಅತಿ ಪವಿತ್ರ ಉಪವಾಸ ಯೋಮ್ ಕಿಪ್ಪುರ್ ಹತ್ತಿರ ಬಂದಾಗ ಒಂದು ದಿಗಿಲು ಹುಟ್ಟಿತು: ದಿನ ಬದಲಾಗುವ ರೇಖೆಯನ್ನು ಜೆರುಸಲೇಮಿನಿಂದ ಎಣಿಸಿದರೆ ಜಪಾನು ಅದರ ಯಾವ ಬದಿಗೆ ಬೀಳುತ್ತದೆ? ತಂತಿ ಕಳಿಸಿ ಕೇಳಿದರು. ಸ್ಥಳೀಯ ಎಣಿಕೆಯ ಬುಧವಾರವೇ ಉಪವಾಸ ಎಂದು ಜೆರುಸಲೇಮಿನ ಪಂಡಿತಸಭೆಯ ಮಾತು. ಹಜೋನ್ ಇಶ್ ಎಂದು ಹೆಸರಾದ ಪಂಡಿತರು ಬುಧವಾರ ಉಣ್ಣಿ, ಗುರುವಾರ ಉಪವಾಸ ಮಾಡಿ ಎಂದು ತಂತಿ ಕೊಟ್ಟರು. ಎರಡೂ ದಿನ ಉಪವಾಸ ಬಿದ್ದವರೂ ಇದ್ದರು.

2003ರಲ್ಲಿ ಪ್ರಶ್ನೆ ಇನ್ನೂ ಮೇಲಕ್ಕೆ ಹೋಯಿತು. ನಮ್ಮ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆಯಲ್ಲೇ ಇಸ್ರೇಲಿನ ಇಲಾನ್ ರಾಮೋನ್ ಇದ್ದರು. ಒಂದೂವರೆ ಗಂಟೆಗೊಮ್ಮೆ ಸೂರ್ಯ ಹುಟ್ಟುವ ಜಾಗದಲ್ಲಿ ಏಳು ಸೂರ್ಯೋದಯಕ್ಕೆ ಒಂದು ವಾರ ಎಂದರೆ ಹತ್ತೂವರೆ ಗಂಟೆಗೊಂದು ಶಬ್ಬತ್! ನೆಲ ಬಿಟ್ಟ ಜಾಗವಾದ ಕೇಪ್ ಕೆನವೆರಲ್‌ನ ಗಡಿಯಾರ ಹಿಡಿಯಿರಿ ಎಂದು ಅಲ್ಲಿನ ರಬ್ಬಿ ಹೇಳಿದರು. ಭೂಮಿಗೆ ಮರಳುವಾಗ ಆ ನೌಕೆ ಸಿಡಿದು ಏಳೂ ಜನ ತೀರಿಹೋದರು.

ಮುಸ್ಲಿಮರಿಗೂ ಎಲ್ಲೆಯ, ಸೂರ್ಯನ ಇಂಥದೇ ಲೆಕ್ಕಗಳಿವೆ. ಬೆಂಗಳೂರಿನ ತಿರುಮೇನಹಳ್ಳಿಯ ಹಜ್ ಭವನದಿಂದ ಹೊರಡುವ ಯಾತ್ರಿಕರಲ್ಲಿ ನೇರ ಜೆದ್ದಾಕ್ಕೆ ಹೋಗುವವರು ವಿಮಾನ ಹತ್ತುವ ಮುಂಚೆಯೇ ಹೊಲಿಗೆಯಿಲ್ಲದ ಎರಡು ಬಿಳಿ ವಸ್ತ್ರಗಳ ಇಹ್ರಾಮ್ ಧರಿಸುತ್ತಾರೆ. ಮೆಕ್ಕಾದ ಸುತ್ತ ಗೊತ್ತುಪಡಿಸಿದ ಮೀಕಾತ್ ಎಂಬ ಗಡಿಯನ್ನು ಇಹ್ರಾಮ್ ಇಲ್ಲದೆ ದಾಟುವಂತಿಲ್ಲ. ವಿಮಾನ ಆ ಗಡಿಯನ್ನು ಆಕಾಶದಲ್ಲೇ ದಾಟಿಬಿಡುತ್ತದೆ. ರಂಜಾನ್ ಉಪವಾಸಿ ವಿಮಾನದಲ್ಲಿದ್ದರೆ ಕೆಳಗಿನ ಊರಿನ ಹೊತ್ತಲ್ಲ, ತನ್ನ ಕಿಟಕಿಯಲ್ಲಿ ಸೂರ್ಯ ಮುಳುಗುವುದೇ ಲೆಕ್ಕ. ಪಶ್ಚಿಮಕ್ಕೆ ಹಾರಿದವನ ಉಪವಾಸ ಉದ್ದವಾಗುತ್ತ ಹೋಗುತ್ತದೆ. ದುಬೈನಲ್ಲಿ ಇದನ್ನು ನಿಮಿಷದವರೆಗೆ ಲೆಕ್ಕಹಾಕಿದ್ದಾರೆ: ಬುರ್ಜ್ ಖಲೀಫಾದ 80ನೇ ಮಹಡಿಯ ಮೇಲಿನವರು ಎರಡು ನಿಮಿಷ, 150ನೇ ಮಹಡಿಯ ಮೇಲಿನವರು ಮೂರು ನಿಮಿಷ ತಡವಾಗಿ ಉಪವಾಸ ಬಿಡಬೇಕೆಂದು 2011ರಲ್ಲಿ ಅಲ್ಲಿನ ಧರ್ಮಾಧಿಕಾರಿಗಳು ಹೇಳಿದರು.

ನಾವು? ನಮ್ಮಲ್ಲಿ ಲೆಕ್ಕ ಬಲ್ಲವರಿಗೆ ಯಾವತ್ತೂ ಬರ ಇರಲಿಲ್ಲ. ಆದರೆ ವಾದವೆಲ್ಲ ಹೊಸ್ತಿಲಲ್ಲೇ ಮುಗಿಯಿತು: ಕಡಲು ದಾಟಬಹುದೇ, ಬಾರದೇ? ಬೌಧಾಯನ ಧರ್ಮಸೂತ್ರ ಪತಿತನನ್ನಾಗಿಸುವ ಕರ್ಮಗಳ ಪಟ್ಟಿಯನ್ನು ಸಮುದ್ರಯಾನದಿಂದಲೇ ಶುರುಮಾಡುತ್ತದೆ. ತಮಾಷೆಯೆಂದರೆ ಅದೇ ಗ್ರಂಥ ಕಡಲ ಪ್ರಯಾಣವನ್ನು ಉತ್ತರದವರ ರೂಢಿ ಎಂದೂ ಬರೆದುಕೊಂಡಿದೆ. ಎಂದರೆ ಅಂದೂ ಜನ ಹೋಗುತ್ತಲೇ ಇದ್ದರು. ಉಡುಪಿಯ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶಗಳಿಗೆ ಹೋಗಿ ಬಂದು, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಶ್ರೀಕೃಷ್ಣ ವೃಂದಾವನ ಸ್ಥಾಪಿಸಿದರು. 2008ರ ಅವರ ಪರ್ಯಾಯದ ಹೊತ್ತಿಗೆ, ಕಡಲು ದಾಟಿದ ಯತಿ ಕೃಷ್ಣನ ವಿಗ್ರಹ ಮುಟ್ಟಿ ಪೂಜಿಸಬಾರದು ಎಂಬ ಆಕ್ಷೇಪ ಅಷ್ಟಮಠಗಳ ಒಳಗಿಂದಲೇ ಎದ್ದು ರಾಜ್ಯದ ದೊಡ್ಡ ಸುದ್ದಿಯಾಯಿತು. 2024ರ ಜನವರಿ 18ರಂದು ಅವರು ನಾಲ್ಕನೇ ಬಾರಿಗೆ ಸರ್ವಜ್ಞ ಪೀಠ ಏರಿದರು. ಆ ವಾದದ ಸರಿತಪ್ಪು ಮಠಗಳವರಿಗೇ ಇರಲಿ. ನನ್ನ ತಕರಾರು ಇಷ್ಟೇ: ಮಡಿ ಕೆಟ್ಟಿತೇ ಎಂಬುದಕ್ಕೆ ಖರ್ಚಾದ ಮಾತಿನ ಕಾಲುಭಾಗವೂ ಕಡಲಾಚೆಗೆ ಹೋದ ಗೃಹಸ್ಥರ ದಿನನಿತ್ಯದ ಪ್ರಶ್ನೆಗೆ ಖರ್ಚಾಗಲಿಲ್ಲ.

ಏಕಾದಶಿಯನ್ನೇ ನೋಡಿ. ತಿಥಿ ಎಂದರೆ ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿಯುವ ಅವಧಿ. ಅದು ಜಗತ್ತಿಗೆಲ್ಲ ಒಂದೇ ಕ್ಷಣಕ್ಕೆ ಹುಟ್ಟಿ ಒಂದೇ ಕ್ಷಣಕ್ಕೆ ಮುಗಿಯುತ್ತದೆ. ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ಏಕಾದಶಿ ಬೆಂಗಳೂರಿನಲ್ಲಿ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಹುಟ್ಟಿ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಮುಗಿಯಿತು ಎಂದುಕೊಳ್ಳಿ. ಇಲ್ಲಿ ಉಪವಾಸ ಮಂಗಳವಾರ. ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಅದೇ ತಿಥಿ ಸೋಮವಾರ ರಾತ್ರಿ ಹನ್ನೊಂದೂವರೆಗೇ ಮುಗಿದುಹೋಗುತ್ತದೆ. ಮಂಗಳವಾರದ ಸೂರ್ಯೋದಯಕ್ಕೆ ಅಲ್ಲಿ ದ್ವಾದಶಿ. ಉಪವಾಸ ಸೋಮವಾರವೇ ಆಗಬೇಕಿತ್ತು. ಸೂರ್ಯೋದಯಕ್ಕೆ 96 ನಿಮಿಷ ಮುಂಚಿನ ಅರುಣೋದಯದಲ್ಲಿ ದಶಮಿಯ ಸೋಂಕಿದ್ದರೂ ಏಕಾದಶಿ ಒಪ್ಪದ ಮಾಧ್ವರಿಗೆ ಲೆಕ್ಕ ಇನ್ನೂ ಸೂಕ್ಷ್ಮ. ಊರಿನ ಪಂಚಾಂಗವನ್ನು ಸೂಟ್‌ಕೇಸಿನಲ್ಲಿ ಒಯ್ದ ಅಜ್ಜಿ ಶ್ರದ್ಧೆಯಿಂದ ತಪ್ಪು ದಿನ ಉಪವಾಸ ಮಾಡಿರುತ್ತಾರೆ.

ಲಿಂಗಾಯತರಿಗೆ ಕಡಲಿನ ಮಡಿಯ ಕಾಟ ಇಲ್ಲ. ಐದು ಸೂತಕಗಳನ್ನೇ ಶರಣರು ಒಪ್ಪಲಿಲ್ಲ. ರಾಮಗಿರಿಗೆ ನೆರೆಯದೇ ಎನ್ನಬಹುದಾದ ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ 1970ರ ದಶಕದಲ್ಲೇ ಉನ್ನತ ಸಂಶೋಧನೆಗೆ ವಿಯೆನ್ನಾಕ್ಕೆ ಹೋಗಿದ್ದವರು. ಪಾಣಿನಿಯ ಅಷ್ಟಾಧ್ಯಾಯಿಯನ್ನು ಕಂಪ್ಯೂಟರಿಗೆ ಇಳಿಸಿ ಗಣಕಾಷ್ಟಾಧ್ಯಾಯಿ ರೂಪಿಸಿದವರೂ ಅವರೇ. ಪ್ರಯಾಣಿಕ ಭಕ್ತರಿಗೆ ಒಂದು ಕೈಪಿಡಿ ಮಾಡುವುದು ಇಂಥ ಪೀಠಗಳಿಗೆ ಹೊರೆಯ ಕೆಲಸವೇನಲ್ಲ.

ಅದರಲ್ಲಿ ಸಣ್ಣ ವಿಷಯಗಳೇ ಇರಲಿ. ಇಷ್ಟಲಿಂಗವನ್ನು ದೊಡ್ಡ ಲಗೇಜಿಗೆ ಹಾಕುವ ಮಾತೇ ಇಲ್ಲ, ಅದು ಮೈಮೇಲೇ ಇರಬೇಕು. ತಪಾಸಣೆಗೆ ನಿಲ್ಲುವ ಮೊದಲೇ ಮಹಿಳಾ ಸಿಬ್ಬಂದಿಗೆ ಹೇಳಿದರೆ ಮರೆಯಲ್ಲಿ ನೋಡುವಂತೆ ಕೇಳಿಕೊಳ್ಳಬಹುದು. ಕೈಚೀಲದಲ್ಲಿ ಪೂಜೆಯ ನೀರು, ತೀರ್ಥ 100 ಮಿಲಿಲೀಟರಿನ ಪುಟ್ಟ ಬಾಟಲಿಗೆ ಸೀಮಿತ. ಇನ್ನು ಕೊಬ್ಬರಿ. ನಮ್ಮ ಸೀಮೆಯ ತೆಂಗಿನ ತೋಟದವರು ಬಾಣಂತಿಗೆ ಕೊಬ್ಬರಿ ಒಯ್ಯದೆ ಹೊರಡುವುದುಂಟೇ? ಆದರೆ ಒಣಕೊಬ್ಬರಿ ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂಬ ಕಾರಣಕ್ಕೆ. ಕೈಚೀಲದಲ್ಲಿ ತೆಂಗಿನಕಾಯಿಯೂ ಕೂಡದು. ಶಬರಿಮಲೆ ಯಾತ್ರಿಗಳ ಇರುಮುಡಿಗೆ 2024–25ರ ಋತುವಿನಲ್ಲಿ ಸರ್ಕಾರ ವಿಶೇಷ ವಿನಾಯಿತಿ ಕೊಡಬೇಕಾಯಿತು. ಅಂಟಿನುಂಡೆ ಕಟ್ಟಿಯೇ ಒಯ್ಯುವುದು ವಾಸಿ.

ಊಟದ ವಿಚಾರ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಇಲ್ಲಿ ಓದಿದ ಮಕ್ಕಳೇ ಎಡವುತ್ತಾರೆ. ಟಿಕೆಟ್ ಮಾಡುವಾಗ ‘ಹಿಂದೂ ಮೀಲ್’ ಎಂದು ಕಂಡ ತಕ್ಷಣ ಒತ್ತಿಬಿಡುತ್ತಾರೆ. ವಿಮಾನ ಸಂಸ್ಥೆಗಳ ಭಾಷೆಯಲ್ಲಿ ಹಿಂದೂ ಮೀಲ್ ಎಂದರೆ ದನದ ಮಾಂಸ ಇಲ್ಲದ್ದು ಎಂದೇ ಹೊರತು ಶಾಕಾಹಾರ ಎಂದಲ್ಲ. ಕೋಳಿ, ಮೀನು, ಮೊಟ್ಟೆ ಬರಬಹುದು. ಕಾಯಿಪಲ್ಯದ ಊಟ ಬೇಕಾದರೆ ಏಷ್ಯನ್ ವೆಜಿಟೇರಿಯನ್, ಅಂದರೆ ಎವಿಎಂಎಲ್, ಕೇಳಬೇಕು. ಈರುಳ್ಳಿ ಬೆಳ್ಳುಳ್ಳಿಯೂ ಬೇಡವಾದರೆ ಜೈನ ಊಟ, ವಿಜೆಎಂಎಲ್. ಹೊರಡುವ ದಿನ ಕೇಳಿದರೆ ಸಿಗುವುದಿಲ್ಲ, ಮೊದಲೇ ಬರೆಸಿರಬೇಕು.

ಪಂಚಾಂಗ ಅಚ್ಚು ಹಾಕಿಸುವ ಮಠಗಳಲ್ಲಿ, ಪ್ರಕಾಶಕರಲ್ಲಿ ಒಂದು ಕೋರಿಕೆ. ಮುಂದಿನ ಯುಗಾದಿಯ ಪಂಚಾಂಗದ ಕೊನೆಗೆ ನಾಲ್ಕು ಪುಟ ಸೇರಿಸಿ: ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಲಂಡನ್, ಮೆಲ್ಬರ್ನ್ ಊರುಗಳ ಏಕಾದಶಿ, ಅಮಾವಾಸ್ಯೆ, ಹಬ್ಬಗಳ ದಿನಾಂಕ ಇರಲಿ, ವಿಮಾನದಲ್ಲಿ ಪೂಜೆ, ಉಪವಾಸ, ಪಾರಣೆ ಹೇಗೆ ಎಂಬ ನಿಮ್ಮ ನಿರ್ಣಯ ಇರಲಿ. ಅಕ್ಷರ ಮಾತ್ರ ದಪ್ಪಗಿರಲಿ, ಓದುವವರು ಅಜ್ಜಿಯರು.