ಕರೆಂಟ್ ಬಿಲ್ಲು ಏಕಾಏಕಿ ಏರಿದರೆ ಏನು ಮಾಡಬೇಕು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಿಗೆ ವಿದ್ಯುತ್ ಪೂರೈಸುವುದು ಹೆಸ್ಕಾಂ. 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಯಾದ ಮೇಲೆ ಅನೇಕ ಮನೆಗಳಿಗೆ ಶೂನ್ಯ ಬಿಲ್ಲು ಬರುತ್ತಿದೆ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ, ದಾಟಿದ ಯೂನಿಟ್‌ಗಳಿಗೆ ಮಾತ್ರವಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಬಡ ಕುಟುಂಬಕ್ಕೆ ಇದು ಸಣ್ಣ ಹೊರೆಯಲ್ಲ. ಆದ್ದರಿಂದ ಗಾಬರಿಯಾಗದೆ ಕಾರಣ ಹುಡುಕೋಣ.

ಮೊದಲು ಬಿಲ್ಲಿನಲ್ಲಿರುವ ರೀಡಿಂಗನ್ನು ಮೀಟರಿನ ರೀಡಿಂಗಿನೊಂದಿಗೆ ಹೋಲಿಸಿ ನೋಡಿರಿ. ಹಿಂದಿನ ತಿಂಗಳು ಬಾಗಿಲು ಹಾಕಿದ್ದು ಅಂದಾಜು ಬಿಲ್ಲು ಬಂದಿದ್ದರೆ, ಉಳಿದ ಯೂನಿಟ್‌ಗಳು ಈ ತಿಂಗಳು ಸೇರಿರಬಹುದು. ಹಳೆಯ ಬಾಕಿ ಇದೆಯೇ ಎಂಬುದನ್ನೂ ಗಮನಿಸಿರಿ.

ಎರಡನೆಯದು, ಬಳಕೆಯ ಲೆಕ್ಕ. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. 2000 ವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್ ಆಗುತ್ತದೆ.

ಮೂರನೆಯದು, ಸೋರಿಕೆ. ಮೇನ್ ಸ್ವಿಚ್ ಹಾಕಿಟ್ಟು, ಮನೆಯ ಎಲ್ಲ ಉಪಕರಣಗಳ ಪ್ಲಗ್ ತೆಗೆದು, ದೀಪ, ಫ್ಯಾನು, ಪಂಪ್ ಎಲ್ಲವನ್ನೂ ಆರಿಸಿರಿ. ಆಗಲೂ ಮೀಟರಿನ ಕೆಂಪು ದೀಪ ಮತ್ತೆ ಮತ್ತೆ ಮಿನುಗುತ್ತಿದ್ದರೆ ವೈರಿಂಗಿನಲ್ಲಿ ದೋಷವಿರಬಹುದು. 2019 ಮತ್ತು 2021ರ ಪ್ರವಾಹದಲ್ಲಿ ಕೃಷ್ಣಾ ತೀರದ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ಮನೆಗಳಲ್ಲಿ ಹಳೆಯ ವೈರಿಂಗನ್ನು ಪರೀಕ್ಷಿಸುವುದು ಅಗತ್ಯ. ಸೋರಿಕೆಯಿಂದ ಹಣ ಮಾತ್ರವಲ್ಲ, ಪ್ರಾಣವೂ ಹೋಗಬಹುದು. ವೈರನ್ನು ನೀವೇ ಬಿಚ್ಚದೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನನ್ನು ಕರೆಸಿರಿ.

ಮೇನ್ ಸ್ವಿಚ್ ಆರಿಸಿದ ಮೇಲೂ ರೀಡಿಂಗ್ ಏರುತ್ತಿದ್ದರೆ ಮೀಟರ್ ಪರೀಕ್ಷೆಗೆ ಹೆಸ್ಕಾಂ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಕೊಡಿರಿ, ಸ್ವೀಕೃತಿ ಪಡೆಯಿರಿ. ದೂರಿಗೆ 1912 ಸಂಖ್ಯೆಯೂ ಇದೆ.

ಪ್ರತಿ ಭಾನುವಾರ ರೀಡಿಂಗ್ ಬರೆದಿಡುವ ಮನೆಗೆ ತಿಂಗಳ ಕೊನೆಯ ಬಿಲ್ಲು ಆಘಾತವಾಗುವುದಿಲ್ಲ.