ಏಳಡಿ ಹುಡುಗನ ಜಾತಕ

2025ರ ಮಾರ್ಚ್ ತಿಂಗಳಲ್ಲಿ ನಮ್ಮ ಮನಾಮದಲ್ಲಿ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲಿನ ಅರ್ಹತಾ ಪಂದ್ಯಗಳು ನಡೆದದ್ದು ಸದಸ್ಯರಲ್ಲಿ ಹಲವರಿಗೆ ನೆನಪಿರಬಹುದು. ಇದ್ದದ್ದು ಮೂರೇ ತಂಡ: ಬಹರೈನ್, ಇರಾಕ್, ಭಾರತ. ಭಾರತ ಎರಡು ತಂಡಗಳನ್ನೂ ಸೋಲಿಸಿ ಜೆದ್ದಾದ ಪಂದ್ಯಾವಳಿಗೆ ಅರ್ಹತೆ ಪಡೆಯಿತು. ಹೆತ್ತ ನಾಡಿಗೆ ಚಪ್ಪಾಳೆ ತಟ್ಟುವುದೋ, ಅನ್ನ ಕೊಟ್ಟ ನಾಡಿಗೆ ತಟ್ಟುವುದೋ ಎಂಬ ಧರ್ಮಸಂಕಟವನ್ನು ನಾವು ಇಬ್ಬರಿಗೂ ತಟ್ಟಿ ಪರಿಹರಿಸಿಕೊಂಡೆವು.

ಆ ಗೆಲುವಿನ ನಂತರ ನಮ್ಮ ಗೆಳೆಯರ ಚಹಾಕೂಟದಲ್ಲಿ ಒಂದೇ ಮಾತು: "ನಮ್ಮವರಲ್ಲೂ ಒಬ್ಬ ಏಳಡಿ ಹುಡುಗ ಸಿಕ್ಕಿಬಿಟ್ಟರೆ?" ನಮ್ಮ ಹೆಸರಿನ ಹಿಂದೆ 'ಡಾಕ್ಟರ್' ಎಂದಿರುವುದರಿಂದ ಸಂಘದಲ್ಲಿ ಹೊಟ್ಟೆನೋವಿನಿಂದ ಹಿಡಿದು ಜಾತಕದವರೆಗೆ ಎಲ್ಲವನ್ನೂ ನಮ್ಮನ್ನು ಕೇಳುವ ರೂಢಿ. ನಮ್ಮದು ರಸಾಯನಶಾಸ್ತ್ರದ ಡಾಕ್ಟರಿಕೆ ಎಂದು ಹೇಳಿ ಸಾಕಾಗಿದೆ. ಆದರೂ ಒಬ್ಬರು ಕೇಳಿಯೇಬಿಟ್ಟರು: "ಉದ್ದನೆಯ ಹೊಸ ಹುಡುಗ ಮೊದಲ ವರ್ಷ ಹೇಗೆ ಆಡುತ್ತಾನೆ ಅಂತ ಲೆಕ್ಕ ಹಾಕಿ ಹೇಳೋಕಾಗತ್ತಾ?" ಈ ಲೇಖನ ಅದಕ್ಕೆ ಉತ್ತರ. ಕೊನೆಯಲ್ಲಿ ನಮ್ಮದೇ ಒಂದು ತಪ್ಪೊಪ್ಪಿಗೆಯೂ ಇದೆ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಚೆಂಡು ಹಾಕುವ ಬಳೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿರುತ್ತದೆ. ಅದರ ಹತ್ತಿರ ಕಾವಲು ನಿಂತು ಎದುರಾಳಿಯ ಹೊಡೆತ ತಡೆಯುವವನು, ತಪ್ಪಿದ ಚೆಂಡನ್ನು ಹಿಡಿಯುವವನು ಸೆಂಟರ್. ಸಾಮಾನ್ಯವಾಗಿ ತಂಡದಲ್ಲಿ ಎಲ್ಲರಿಗಿಂತ ಉದ್ದದವನು ಅವನೇ. ಅಮೆರಿಕದ ಎನ್.ಬಿ.ಎ. ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಕೋಟಿಗಟ್ಟಲೆ ಡಾಲರ್ ಆ ಭವಿಷ್ಯವಾಣಿಯ ಮೇಲೆ ನಿಂತಿರುತ್ತದೆ. ಆದ್ದರಿಂದ ಉದ್ದನೆಯ ಹುಡುಗರ ಜಾತಕ ಬರೆಯುವುದೇ ಅಲ್ಲೊಂದು ಕಸುಬು.

ಬೆಳೆಯುವ ಪೈರು ಮೊಳಕೆಯಲ್ಲಿ ಎಂದು ನಮ್ಮ ಹಿರಿಯರು ಹೇಳಿದರು. ವಿಲ್ಟ್ ಚೇಂಬರ್ಲಿನ್ ವಿಷಯದಲ್ಲಿ ಅದು ಅಕ್ಷರಶಃ ನಿಜ. 1959-60ರ ತನ್ನ ಮೊದಲ ವರ್ಷದಲ್ಲೇ ಆತ ಪಂದ್ಯವೊಂದಕ್ಕೆ ಸರಾಸರಿ 37.6 ಅಂಕ ಹೊಡೆದ. ಆದರೆ ಮೊಳಕೆ ನೋಡಿ ಮೋಸಹೋದವರೂ ಇದ್ದಾರೆ. 2002ರಲ್ಲಿ ಚೀನಾದ ಯಾವ್ ಮಿಂಗ್ ಮೊದಲ ಆಯ್ಕೆಯಾಗಿ ಹ್ಯೂಸ್ಟನ್ ತಂಡಕ್ಕೆ ಬಂದ. ಎತ್ತರ ಏಳೂವರೆ ಅಡಿ. ಮೊದಲ ಪಂದ್ಯದಲ್ಲಿ ಅವನು ಗಳಿಸಿದ್ದು ಸೊನ್ನೆ. ಹಳೆಯ ಆಟಗಾರ ಚಾರ್ಲ್ಸ್ ಬಾರ್ಕ್ಲಿ, ಈತ ಒಂದು ಪಂದ್ಯದಲ್ಲಿ 19 ಅಂಕ ಹೊಡೆದರೆ ಮುತ್ತು ಕೊಡುತ್ತೇನೆಂದು ಟಿ.ವಿ.ಯಲ್ಲಿ ಪಂಥ ಕಟ್ಟಿದ. ಅದೇ ನವೆಂಬರಿನಲ್ಲಿ ಯಾವ್ ಲಾಸ್ ಏಂಜಲೀಸ್ ತಂಡದ ವಿರುದ್ಧ ಒಂಬತ್ತು ಬಾರಿ ಚೆಂಡೆಸೆದು ಒಂಬತ್ತೂ ಬಳೆಯೊಳಗೆ ಹಾಕಿ, 20 ಅಂಕ ಪಡೆದ. ಬಾರ್ಕ್ಲಿ ಕ್ಯಾಮೆರಾ ಮುಂದೆ ಕತ್ತೆಯ ಹಿಂಭಾಗಕ್ಕೆ ಮುತ್ತಿಡಬೇಕಾಯಿತು. ಭವಿಷ್ಯ ಹೇಳುವವರು ಈ ಕಥೆಯನ್ನು ಮರೆಯಬಾರದು.

ಇದರಲ್ಲಿ ಮೊದಲ ಪಾಠವಿದೆ. ಒಂದು ಪಂದ್ಯ ನೋಡಿ ತೀರ್ಪು ಕೊಡಬಾರದು. ಪ್ರಯೋಗಶಾಲೆಯಲ್ಲಿ ಒಂದೇ ಸಲ ಬಂದ ಫಲಿತಾಂಶವನ್ನು ನಾವು ಯಾರೂ ನಂಬುವುದಿಲ್ಲ. ಅದು ಚೆನ್ನಾಗಿ ಬಂದಿದ್ದರಂತೂ ಇನ್ನೂ ನಂಬುವುದಿಲ್ಲ. ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮ 2023ರ ಜುಲೈಯಲ್ಲಿ ಬೇಸಿಗೆಯ ಅಭ್ಯಾಸ ಪಂದ್ಯದಲ್ಲಿ ಮೊದಲ ಬಾರಿ ಇಳಿದಾಗ 13 ಸಲ ಎಸೆದು ಎರಡೇ ಸಲ ಗುರಿ ಮುಟ್ಟಿದ. ಪತ್ರಿಕೆಗಳಲ್ಲಿ ಗುಸುಗುಸು ಎದ್ದಿತು. ಎರಡು ದಿನದ ನಂತರ 27 ಅಂಕ ಬಂತು. ಆ ಋತುವಿನ ಕೊನೆಗೆ 71 ಪಂದ್ಯಗಳಲ್ಲಿ ಅವನ ಸರಾಸರಿ 21.4 ಅಂಕ, ವರ್ಷದ ಹೊಸ ಆಟಗಾರ ಪ್ರಶಸ್ತಿಯೂ ಅವನಿಗೇ. ಆದರೂ ಅವನ ತಂಡ 82ರಲ್ಲಿ ಗೆದ್ದದ್ದು 22 ಮಾತ್ರ. ಒಬ್ಬ ಉದ್ದನೆಯ ಹುಡುಗ ಬಂದ ಮಾತ್ರಕ್ಕೆ ಮನೆ ಉದ್ಧಾರವಾಗುವುದಿಲ್ಲ ಎಂಬುದೂ ಇದರಿಂದ ತಿಳಿಯಿತು.

ಎರಡನೆಯದು, ನಿಮಿಷಗಳ ಲೆಕ್ಕ. ನಾಲ್ಕು ನಿಮಿಷ ಆಡಿ ಮೂರು ಅಂಕ ಹೊಡೆದವನನ್ನು ಒಂಬತ್ತರಿಂದ ಗುಣಿಸಿ, ಮೂವತ್ತಾರು ನಿಮಿಷಕ್ಕೆ 27 ಅಂಕ ಎಂದು ಬರೆಯುವವರಿದ್ದಾರೆ. ಇಲ್ಲಿ ನಮ್ಮ ಮಹಿಳಾ ಸದಸ್ಯರು ಬೇಗ ತಪ್ಪು ಹಿಡಿಯುತ್ತಾರೆ. ಇಡ್ಲಿಗೆ ಹತ್ತು ಸೇರು ಅಕ್ಕಿ ಇದೆ, ಉದ್ದು ಮಾತ್ರ ಒಂದು ಪಾವು ಎಂದರೆ ಎಷ್ಟು ಇಡ್ಲಿ ಆದೀತು? ಲೆಕ್ಕ ಕಟ್ಟಬೇಕಾದದ್ದು ಉದ್ದಿನಿಂದ, ಅಕ್ಕಿಯಿಂದಲ್ಲ. ರಸಾಯನಶಾಸ್ತ್ರದಲ್ಲೂ ಹಾಗೆಯೇ, ಮೊದಲು ಮುಗಿಯುವ ವಸ್ತುವೇ ಎಷ್ಟು ಹುಟ್ಟುವಳಿ ಎಂಬುದನ್ನು ನಿರ್ಧರಿಸುತ್ತದೆ. ಹೊಸ ಸೆಂಟರಿನ ಪಾಲಿಗೆ ಮೊದಲು ಮುಗಿಯುವುದು ಫೌಲು. ಎನ್.ಬಿ.ಎ.ಯಲ್ಲಿ ಆರು ಫೌಲಾದರೆ, ಅಂತರರಾಷ್ಟ್ರೀಯ ಪಂದ್ಯದಲ್ಲಿ ಐದಾದರೆ, ಆಟಗಾರ ಹೊರಗೆ. ಎತ್ತರವಿದೆ, ಆದರೆ ಕಾಲು ಇನ್ನೂ ಸಮಯಕ್ಕೆ ಸರಿಯಾದ ಜಾಗಕ್ಕೆ ಬರುವುದಿಲ್ಲ. ಆಗ ಕೈ ಎದುರಾಳಿಯ ಮೈಮೇಲೆ ಬೀಳುತ್ತದೆ. ಆದ್ದರಿಂದ ಅಂಕಕ್ಕಿಂತ ಮೊದಲು ಕೇಳಬೇಕಾದದ್ದು, ಇವನು ಎಷ್ಟು ನಿಮಿಷ ಅಂಗಳದಲ್ಲಿ ಉಳಿದಾನು ಎಂಬುದನ್ನು.

ಮೂರನೆಯದು, ಕೆಳಗಿನ ಮಟ್ಟದ ಯಾವ ಗುಣ ಮೇಲಿನ ಮಟ್ಟಕ್ಕೆ ಜೊತೆಯಲ್ಲಿ ಬರುತ್ತದೆ? ಹೊಡೆತ ತಡೆಯುವುದು, ತಪ್ಪಿದ ಚೆಂಡು ಹಿಡಿಯುವುದು ಇವೆರಡೂ ಬಹುಮಟ್ಟಿಗೆ ಬರುತ್ತವೆ. ಸೂಡಾನಿನ ಮನೂಟ್ ಬೋಲ್ ಏಳಡಿ ಏಳು ಅಂಗುಲದವನು. 1985-86ರ ತನ್ನ ಮೊದಲ ವರ್ಷದಲ್ಲಿ 397 ಹೊಡೆತಗಳನ್ನು ತಡೆದ. ಅಂಕ ಮಾತ್ರ ಪಂದ್ಯಕ್ಕೆ ನಾಲ್ಕಕ್ಕಿಂತ ಕಡಿಮೆ. ಅಂಕ ಗಳಿಸುವ ಸಾಮರ್ಥ್ಯ ಅಷ್ಟು ಸುಲಭವಾಗಿ ಜೊತೆಗೆ ಬರುವುದಿಲ್ಲ. ಶಾಲೆಯಲ್ಲಿ ಎದುರಿಗೆ ಐದೂವರೆ ಅಡಿಯವನಿದ್ದಾಗ ಕೈ ಚಾಚಿದರೆ ಸಾಕಿತ್ತು. ಇಲ್ಲಿ ಎದುರಿನವನೂ ಏಳಡಿಯವನೇ. ಕೈಯ ಹದ ತಿಳಿಯಬೇಕಾದರೆ ಫ್ರೀ ಥ್ರೋ ನೋಡಬೇಕು. ಹದಿನೈದು ಅಡಿ ದೂರ, ಅಡ್ಡ ಬರುವವರಿಲ್ಲ, ಎಲ್ಲ ಊರಿನಲ್ಲೂ ಒಂದೇ ಅಳತೆ. ಪರೀಕ್ಷೆಗೆ ಇದಕ್ಕಿಂತ ಶುದ್ಧವಾದ ಪ್ರಯೋಗ ಸಿಗದು. ಯಾವ್ ಮಿಂಗ್ ಮೊದಲ ವರ್ಷವೇ ನೂರಕ್ಕೆ 81 ಹಾಕಿದ್ದ.

ನಾಲ್ಕನೆಯದೇ ಮುಖ್ಯ. ಉದ್ದ ಇದ್ದವರಿಗೆ ಬುದ್ಧಿ ಮೊಣಕಾಲಿನಲ್ಲಿ ಎಂದು ನಮ್ಮ ಕಡೆ ಗೇಲಿ ಮಾಡುತ್ತಾರೆ. ಬುದ್ಧಿಯ ವಿಷಯ ಸುಳ್ಳು. ಆದರೆ ಸೆಂಟರಿನ ಭವಿಷ್ಯ ಇರುವುದಂತೂ ಮೊಣಕಾಲು ಪಾದಗಳಲ್ಲೇ. ಗೆಲಿಲಿಯೊ 1638ರಲ್ಲೇ ಇದರ ಕಾರಣ ಬರೆದಿಟ್ಟ. ಆರಡಿಯವನನ್ನು ಅದೇ ಆಕಾರದಲ್ಲಿ ಏಳಡಿ ಎರಡೂವರೆ ಅಂಗುಲಕ್ಕೆ ಹಿಗ್ಗಿಸಿದರೆ ಎತ್ತರ 1.2 ಪಟ್ಟು. ಮೂಳೆಯ ಅಡ್ಡಕೊಯ್ತ 1.44 ಪಟ್ಟು ದಪ್ಪವಾಗುತ್ತದೆ, ತೂಕ ಮಾತ್ರ 1.73 ಪಟ್ಟು ಏರುತ್ತದೆ. ಅಂದರೆ ಮೂಳೆಯ ಪ್ರತಿ ಚದರ ಅಂಗುಲದ ಮೇಲೆ ಐದನೆಯ ಒಂದು ಭಾಗ ಹೆಚ್ಚು ಭಾರ. ಅದರ ಮೇಲೆ ಜಿಗಿತ, ಮತ್ತೆ ಜಿಗಿತ. ನಮ್ಮ ಕಸುಬಿನಲ್ಲೂ ಇದೇ ಗೋಳು. ಗಾಜಿನ ಬುರುಡೆಯಲ್ಲಿ ಸರಾಗವಾಗಿ ನಡೆದ ಕ್ರಿಯೆ ಕಾರ್ಖಾನೆಯ ದೊಡ್ಡ ತೊಟ್ಟಿಯಲ್ಲಿ ಕುದಿದೇಳುತ್ತದೆ. ಶಾಖ ಹುಟ್ಟುವುದು ಗಾತ್ರಕ್ಕೆ ತಕ್ಕಂತೆ, ಹೊರಹೋಗುವುದು ಮೈಗೆ ತಕ್ಕಂತೆ.

2007ರಲ್ಲಿ ಪೋರ್ಟ್‌ಲ್ಯಾಂಡ್ ತಂಡ ಕೆವಿನ್ ಡುರಾಂಟನನ್ನು ಬಿಟ್ಟು ಏಳಡಿಯ ಗ್ರೆಗ್ ಓಡನ್‌ನನ್ನು ಮೊದಲು ಆರಿಸಿತು. ಬಹುಪಾಲು ಪಂಡಿತರು ತಲೆಯಾಡಿಸಿದರು. ಓಡನ್ ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಮೊದಲ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. ಒಟ್ಟು ಜೀವನದಲ್ಲಿ ಆಡಿದ್ದು 105 ಪಂದ್ಯ. ಡುರಾಂಟ್ ಸಾವಿರ ದಾಟಿದ. ಯಾವ್ ಮಿಂಗನೂ ಪಾದದ ಪೆಟ್ಟುಗಳಿಂದಲೇ 2011ರಲ್ಲಿ ನಿವೃತ್ತನಾದ. ಇನ್ನೊಂದು ಕಡೆ ಸರ್ಬಿಯಾದ ನಿಕೋಲ ಯೋಕಿಚ್ 2014ರಲ್ಲಿ 41ನೆಯ ಆಯ್ಕೆ. ಎತ್ತರವಾಗಿ ಜಿಗಿಯುವವನಲ್ಲ. ಅವನೇ 2021, 2022, 2024ರಲ್ಲಿ ಶ್ರೇಷ್ಠ ಆಟಗಾರನಾದ. ಅವನ ಜಾತಕದಲ್ಲಿದ್ದ ಒಳ್ಳೆಯ ಗ್ರಹ, ಎದುರಿನವರಿಗಿಂತ ಅರೆಕ್ಷಣ ಮೊದಲೇ ಕಾಣುವ ಕಣ್ಣು, ಅಳತೆಪಟ್ಟಿಗೆ ಸಿಗುವಂಥದಲ್ಲ.

ಇನ್ನು ನಮ್ಮವರ ಕಥೆ. ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಗ್ರಾಮದ ಸತ್ನಾಮ್ ಸಿಂಗ್ ರೈತರ ಮನೆಯ ಹುಡುಗ. ತಂದೆಯೂ ಭಾರಿ ಎತ್ತರದವರು. 2010ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ವಿದ್ಯಾರ್ಥಿವೇತನದ ಮೇಲೆ ಫ್ಲಾರಿಡಾದ ತರಬೇತಿ ಶಾಲೆಗೆ ಹೋದ. 2015ರ ಜೂನಿನಲ್ಲಿ ಡಲ್ಲಾಸ್ ತಂಡ ಅವನನ್ನು 52ನೆಯವನಾಗಿ ಆರಿಸಿದಾಗ, ಭಾರತದಲ್ಲಿ ಹುಟ್ಟಿದವರಲ್ಲಿ ಅವನೇ ಮೊದಲಿಗ. ಅದೇ ವರ್ಷ ಏಪ್ರಿಲಿನಲ್ಲಿ ಕೆನಡಾದಲ್ಲಿ ಹುಟ್ಟಿದ ಏಳಡಿ ಐದು ಅಂಗುಲದ ಸಿಮ್ ಭುಲ್ಲರ್ ಸ್ಯಾಕ್ರಮೆಂಟೊ ಪರವಾಗಿ ಇಳಿದಿದ್ದ. ಇನ್ನು ಐದು ವರ್ಷದಲ್ಲಿ ನಮ್ಮವರದೇ ಒಂದು ಸಾಲು ಬರುತ್ತದೆ ಎಂದು ಭವಿಷ್ಯ ನುಡಿದವರಲ್ಲಿ ನಾವೂ ಒಬ್ಬರು.

ಭುಲ್ಲರ್ ಆಡಿದ್ದು ಮೂರು ಪಂದ್ಯ. ಸತ್ನಾಮ್ ಎನ್.ಬಿ.ಎ.ಯ ಋತುವಿನಲ್ಲಿ ಒಂದನ್ನೂ ಆಡಲಿಲ್ಲ. ಕೆಳಗಿನ ಲೀಗಿನಲ್ಲಿ ಕೆಲವೇ ನಿಮಿಷ ಸಿಕ್ಕಿತು. 2020ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಎರಡು ವರ್ಷದ ನಿಷೇಧ. 2022ರಿಂದ ಅಮೆರಿಕದಲ್ಲಿ ವೃತ್ತಿಪರ ಕುಸ್ತಿ. ನಮ್ಮ ಲೆಕ್ಕ ತಪ್ಪಿದ್ದೆಲ್ಲಿ? ಅವನು ಕಾಲೇಜು ಪಂದ್ಯಗಳನ್ನು ಆಡದೆ ನೇರವಾಗಿ ಬಂದವನು. ಲೆಕ್ಕಕ್ಕೆ ಅಂಕಿಗಳೇ ಇರಲಿಲ್ಲ, ಇದ್ದದ್ದು ಎತ್ತರ ಮತ್ತು ನಮ್ಮ ಆಸೆ. ಎರಡನೆಯದಾಗಿ, ಆಟವೇ ಬದಲಾಗುತ್ತಿತ್ತು. ಆ 2015ರ ಫೈನಲ್ಲಿನಲ್ಲೇ ಗೋಲ್ಡನ್ ಸ್ಟೇಟ್ ತಂಡ ತನ್ನ ಏಳಡಿ ಸೆಂಟರನ್ನು ಹಿಂದೆ ಕೂರಿಸಿ, ಓಡಾಡುವ ಗಿಡ್ಡವರನ್ನು ಇಳಿಸಿ ಗೆದ್ದಿತು. ಭಾರವಾದ, ನಿಧಾನದ ಸೆಂಟರಿಗೆ ಬೇಡಿಕೆ ಇಳಿಯಿತು. ಒಂದೇ ವಸ್ತು ಒಂದು ದ್ರಾವಕದಲ್ಲಿ ಕರಗುತ್ತದೆ, ಇನ್ನೊಂದರಲ್ಲಿ ತಳಕ್ಕೆ ಕೂರುತ್ತದೆ. ಅದರಲ್ಲಿ ವಸ್ತುವಿನ ತಪ್ಪೇನಿದೆ?

ಈಗ ತಪ್ಪೊಪ್ಪಿಗೆ. ನಮಗೆ ಪರಿಚಯದ ಒಂದು ಮನೆಯಲ್ಲಿ ಹದಿನಾಲ್ಕು ವರ್ಷದ ಹುಡುಗನಿದ್ದಾನೆ, ಗುರುತು ಹೇಳುವುದಿಲ್ಲ. ಒಂದೇ ವರ್ಷದಲ್ಲಿ ಐದು ಅಂಗುಲ ಬೆಳೆದು ಆರಡಿ ಎರಡು ಅಂಗುಲ ಮುಟ್ಟಿದ. "ಪ್ಯಾಂಟು ಮೂರು ತಿಂಗಳಿಗೆ ಗಿಡ್ಡ ಆಗತ್ತೆ ಡಾಕ್ಟ್ರೇ, ಏನು ಮಾಡೋಣ ಇವನನ್ನ?" ಎಂದು ಅವರಮ್ಮ ನಗುತ್ತಿದ್ದರು. ಯಾವ ಸಮಾರಂಭಕ್ಕೆ ಬಂದರೂ ಹಿರಿಯರು ಅವನ ಬೆನ್ನು ತಟ್ಟಿ ಬ್ಯಾಸ್ಕೆಟ್‌ಬಾಲ್ ಎನ್ನುವವರೇ. ನಾವು ಒಂದು ಹೆಜ್ಜೆ ಮುಂದೆ ಹೋದೆವು. ಟೇಪು ಹಿಡಿದು ಅವನ ಎರಡು ತೋಳುಗಳ ಚಾಚು ಅಳೆದೆವು, ಫ್ರೀ ಥ್ರೋ ಎಣಿಸಿದೆವು, ಗ್ರಾಫ್ ಕಾಗದದ ಮೇಲೆ ಗೆರೆ ಎಳೆದು ಹದಿನೆಂಟಕ್ಕೆ ಆರಡಿ ಏಳು ಎಂದು ಬರೆದುಕೊಟ್ಟೆವು. ದಿನಕ್ಕೆ ಎರಡು ಗಂಟೆ ಅಭ್ಯಾಸ ಮಾಡು ಎಂದೂ ಹೇಳಿದೆವು. ಹುಡುಗ ಆ ಕಾಗದವನ್ನು ಗೋಡೆಗೆ ಅಂಟಿಸಿಕೊಂಡ.

ನಾಲ್ಕು ತಿಂಗಳ ನಂತರ ಅವನು ಮೆಟ್ಟಿಲು ಇಳಿಯುವಾಗ ಒಂದು ಕಾಲನ್ನು ಎಳೆಯುತ್ತಿದ್ದುದನ್ನು ಅವರಜ್ಜಿ ಕಂಡುಹಿಡಿದರು. ಊರಿನಿಂದ ಮೂರು ವಾರಕ್ಕೆಂದು ಬಂದವರು. ಆಟದ ಗಂಧಗಾಳಿ ಇಲ್ಲ. ವೈದ್ಯರು ನೋಡಿ, ಬೆಳೆಯುವ ಮಕ್ಕಳಲ್ಲಿ ಮಂಡಿಚಿಪ್ಪಿನ ಕೆಳಗೆ, ಸ್ನಾಯು ಮೂಳೆಗೆ ಕೂಡುವ ಜಾಗದಲ್ಲಿ ಬರುವ ನೋವು ಇದು, ಹೆಚ್ಚು ಜಿಗಿದರೆ ಜೋರಾಗುತ್ತದೆ, ವಿಶ್ರಾಂತಿ ಕೊಟ್ಟರೆ ವಾಸಿಯಾಗುತ್ತದೆ ಎಂದರು. ಎಷ್ಟು ದಿನದಿಂದ ನೋವು ಎಂದು ಕೇಳಿದಾಗ ಹುಡುಗ ನಮ್ಮ ಮುಖ ನೋಡಿದ. "ಎರಡು ತಿಂಗಳಾಯ್ತು ಅಂಕಲ್. ನೀವು ಅಷ್ಟೆಲ್ಲ ಲೆಕ್ಕ ಹಾಕಿ ಕೊಟ್ಟಿದ್ರಲ್ಲ, ಅದಕ್ಕೆ ಹೇಳ್ಲಿಲ್ಲ."

ಓಡನ್‌ನ ಮೊಣಕಾಲಿನ ಕಥೆಯನ್ನು ಬಾಯಿಪಾಠವಾಗಿ ಹೇಳುವ ನಾವು, ಎದುರಿಗೆ ಕುಳಿತ ಹುಡುಗನಿಗೆ ಮೊಣಕಾಲು ನೋಯುತ್ತಿದೆಯೇ ಎಂದು ಒಂದು ದಿನವೂ ಕೇಳಿರಲಿಲ್ಲ.

ಹಾಗಾದರೆ ಭವಿಷ್ಯ ಹೇಳಲೇಬಾರದೇ? ಹೇಳಬಹುದು. ಎಷ್ಟು ನಿಮಿಷ ಉಳಿದಾನು, ವಯಸ್ಸೆಷ್ಟು, ಕೈಯ ಹದ ಹೇಗಿದೆ, ಕಾಲು ಹೇಗಿದೆ, ಸೇರುವ ತಂಡಕ್ಕೆ ಅವನಿಂದ ಬೇಕಾದದ್ದೇನು, ಈ ಐದನ್ನು ಕೇಳಿ ಬರೆದರೆ ಹತ್ತು ಹುಡುಗರಲ್ಲಿ ಹೆಚ್ಚಿನವರ ವಿಷಯ ಸರಿಸುಮಾರಾಗಿ ಹೊಂದೀತು. ಆದರೆ ಆ ಕಾಗದ ತಂಡದ ಮಾಲೀಕರ ಮೇಜಿನ ಮೇಲಿರಬೇಕು, ಹುಡುಗನ ಗೋಡೆಯ ಮೇಲಲ್ಲ. ಎತ್ತರಕ್ಕಿರುವ ಈ ಮಾತು ಪರೀಕ್ಷೆಯ ಅಂಕಪಟ್ಟಿಗೂ ಅನ್ವಯಿಸುತ್ತದೆ ಎಂದು ಸದಸ್ಯ ದಂಪತಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ ಈಗ ಮತ್ತೆ ಆಡುತ್ತಿದ್ದಾನೆ, ವಾರಕ್ಕೆ ಮೂರು ದಿನ. ನಮ್ಮ ಕಾಗದವನ್ನು ನಾವೇ ಕೇಳಿ ಹಿಂದಕ್ಕೆ ತಂದೆವು. ಅವನು ಸೆಂಟರ್ ಆಗುತ್ತಾನೋ, ಇಲ್ಲವೋ? ಈ ಸಲ ನಾವು ಪಂಥ ಕಟ್ಟುವುದಿಲ್ಲ.