ನಿಮಗಿದು ಗೊತ್ತೇ? ಗುಂಯ್‌ಗುಡುವ ಚಕ್ರ, ಕಟಕಟ ಎನ್ನುವ ಆಕ್ಸಲ್

● ಹಳೆಯ ಮಾರುತಿ 800 ಒಂದು ಕಿಲೋಮೀಟರ್ ಓಡಬೇಕಾದರೆ ಅದರ ಚಕ್ರ ಸುಮಾರು 630 ಸುತ್ತು ಸುತ್ತಬೇಕು. ರಿಮ್ಮು ಬರೀ 12 ಇಂಚಿನದು, ಹಾಗಾಗಿ ಸುತ್ತು ಜಾಸ್ತಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹತ್ತು ಸುತ್ತು. ಮೀಟರಿನಲ್ಲಿ ಒಂದು ಲಕ್ಷ ಕಿ.ಮೀ. ಕಂಡ ದಿನ ಆ ಚಕ್ರದ ಬೇರಿಂಗು ಆರು ಕೋಟಿಗೂ ಹೆಚ್ಚು ಸುತ್ತು ಮುಗಿಸಿರುತ್ತದೆ.

● ಬೇರಿಂಗು ಒಮ್ಮೆಲೇ ಸಾಯುವುದಿಲ್ಲ, ಮೊದಲು ಗೊಣಗುತ್ತದೆ. ಗಂಟೆಗೆ 40 ಕಿ.ಮೀ. ದಾಟಿದ ಮೇಲೆ ದೂರದಲ್ಲೆಲ್ಲೋ ವಿಮಾನ ಹಾರುತ್ತಿರುವಂತೆ ಗುಂಯ್ ಅನ್ನುತ್ತದೆ. ವೇಗ ಏರಿದ ಹಾಗೆ ಸದ್ದೂ ಏರುತ್ತದೆ. ಗೇರು ನ್ಯೂಟ್ರಲ್‌ಗೆ ಹಾಕಿದರೂ ನಿಲ್ಲದಿದ್ದರೆ ತಪ್ಪು ಎಂಜಿನ್ನಿನದಲ್ಲ.

● ಯಾವ ಕಡೆಯದು ಹೋಗಿದೆ? ಸ್ಟಿಯರಿಂಗನ್ನು ಬಲಕ್ಕೆ ಎಳೆದರೆ ಕಾರಿನ ಭಾರ ಎಡಕ್ಕೆ ವಾಲುತ್ತದೆ. ಆಗ ಸದ್ದು ಜೋರಾದರೆ ಎಡಗಡೆಯ ಬೇರಿಂಗಿನ ಮೇಲೆ ಗುಮಾನಿ ಇಡಿ. ಎಡಕ್ಕೆ ತಿರುಗಿದಾಗ ಜೋರಾದರೆ ಬಲಗಡೆಯದು. ಆದರೆ ಇದು ಗುಮಾನಿ ಮಾತ್ರ. ತೀರ್ಪು ಕೊಡುವುದು ಮುಂದಿನ ಉಪಾಯ.

● ಜಾಕಿ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿ, ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳುಗಳನ್ನು ಸಸ್ಪೆನ್ಷನ್ನಿನ ಸುರುಳಿ ಸ್ಪ್ರಿಂಗಿನ ಮೇಲೆ ಮೆಲ್ಲಗೆ ಇಡಬೇಕು. ಒಳ್ಳೆಯ ಬೇರಿಂಗಾದರೆ ಏನೂ ತಿಳಿಯುವುದಿಲ್ಲ. ಕೆಟ್ಟಿದ್ದರೆ ಸ್ಪ್ರಿಂಗಿನೊಳಗೆ ಮರಳು ಹರಿದಂತೆ ಸಣ್ಣಗೆ ಗರಗರ ಅನ್ನುತ್ತದೆ. ಕಿವಿಗೆ ಕೇಳದ್ದು ಬೆರಳಿಗೆ ಕೇಳುತ್ತದೆ. ನಮ್ಮ ಮನೆಯ 800ಕ್ಕೆ ಆ ಗುಂಯ್ ಸದ್ದು ಬಂದಾಗ ಟೈರು ಸವೆದಿದೆ ಎಂದು ಒಬ್ಬರು ಹೇಳಿದ ಮಾತು ನಂಬಿ ನಾಲ್ಕೂ ಟೈರು ಬದಲಾಯಿಸಿದ್ದೆ. ಹೊಸ ಟೈರಿನ ಮೇಲೆ ಅದೇ ಹಳೇ ಗುಂಯ್! ಬೆರಳಿನ ಉಪಾಯ ಆಮೇಲೆ ಗೊತ್ತಾಯಿತು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

● ಸದ್ದು ಗುಂಯ್ ಅಲ್ಲ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಯೂ-ಟರ್ನ್ ಹೊಡೆಯುವಾಗ ಕಟ್-ಕಟ್-ಕಟ್ ಅನ್ನುತ್ತಿದೆಯೇ? ಹಾಗಾದರೆ ಬೇರಿಂಗನ್ನು ಬಿಡಿ, ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಆಕ್ಸಲ್‌ನ ಹೊರಗಿನ ಜಾಯಿಂಟು ಹೋಗಿದೆ.

● ಅಂಬಾಸಿಡರ್, ಪದ್ಮಿನಿ ಕಾರುಗಳ ಮುಂದಿನ ಚಕ್ರಕ್ಕೆ ಈ ಕಟಕಟದ ಕಾಟವೇ ಇರಲಿಲ್ಲ. ಅಲ್ಲಿ ಕಾರನ್ನು ದೂಡುವುದು ಹಿಂದಿನ ಚಕ್ರ, ಮುಂದಿನದಕ್ಕೆ ಉರುಳುವುದಷ್ಟೇ ಕೆಲಸ. ಮುಂದಿನ ಚಕ್ರವೇ ಎಳೆಯುವ ಕಾರು ನಮ್ಮ ಮಧ್ಯಮ ವರ್ಗದ ಮನೆಮನೆಗೆ ಬಂದದ್ದು ಮಾರುತಿ 800ರಿಂದ. ಮೊದಲ ಕಾರಿನ ಕೀಲಿಯನ್ನು ಇಂದಿರಾ ಗಾಂಧಿ ಹಸ್ತಾಂತರಿಸಿದ್ದು 1983ರ ಡಿಸೆಂಬರ್ 14ರಂದು. ಎಳೆಯುವುದು, ತಿರುಗುವುದು, ಎಂಜಿನ್ನಿನ ಭಾರ ಹೊರುವುದು ಎಲ್ಲವೂ ಆ ಎರಡು ಚಕ್ರಗಳ ಪಾಲಿಗೇ ಬಂತು.

● ಎಂಜಿನ್ನಿನ ತಿರುಗಾಟವನ್ನು ಓರೆಯಾಗಿ ನಿಂತ ಚಕ್ರಕ್ಕೆ ಮುಟ್ಟಿಸುವುದು ಸುಲಭವಲ್ಲ. ಲಾರಿಗಳ ಉದ್ದ ಶಾಫ್ಟಿನಲ್ಲಿ ಕಾಣುವ ಕ್ರಾಸ್ ಜಾಯಿಂಟನ್ನು 30 ಡಿಗ್ರಿ ಓರೆ ಮಾಡಿ ತಿರುಗಿಸಿದರೆ, ಈಚೆ ತುದಿಯಲ್ಲಿ ಒಂದೇ ವೇಗವಿದ್ದರೂ ಆಚೆ ತುದಿಯಲ್ಲಿ ವೇಗ ಒಂದು ಸುತ್ತಿಗೆ ಎರಡು ಸಲ ಶೇ. 13ರಷ್ಟು ಕುಗ್ಗಿ, ಎರಡು ಸಲ ಶೇ. 15ರಷ್ಟು ಹಿಗ್ಗುತ್ತದೆ. ಅಂಥ ಜಾಯಿಂಟು ಮುಂದಿನ ಚಕ್ರಕ್ಕೆ ಹಾಕಿದ್ದರೆ ಪ್ರತಿ ತಿರುವಿನಲ್ಲೂ ಸ್ಟಿಯರಿಂಗ್ ಕೈಯಲ್ಲಿ ಕುಣಿಯುತ್ತಿತ್ತು.

● ಈ ಕುಣಿತ ನಿಲ್ಲಿಸಿದ್ದು ಆರು ಗುಂಡುಗಳು! ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್‌ಫ್ರೆಡ್ ಝೆಪ್ಪಾ 1920ರ ದಶಕದಲ್ಲಿ ರೂಪಿಸಿದ ಜಾಯಿಂಟಿನಲ್ಲಿ ಒಂದು ಬಟ್ಟಲು, ಅದರೊಳಗೆ ಒಂದು ದುಂಡನೆಯ ತಿರುಳು, ನಡುವೆ ಬಾಗಿದ ಕಾಲುವೆಗಳಲ್ಲಿ ಆರು ಉಕ್ಕಿನ ಗುಂಡು. ಎರಡು ಶಾಫ್ಟುಗಳ ನಡುವಿನ ಕೋನ ಎಷ್ಟೇ ಇರಲಿ, ಗುಂಡುಗಳು ಸದಾ ಅದರ ಸರಿಅರ್ಧದಲ್ಲಿ ನಿಲ್ಲುತ್ತವೆ. ಆದ್ದರಿಂದ ಈಚೆ ಆಚೆ ವೇಗ ಒಂದೇ. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಿನಿ ಕಾರು ಈ ಬಗೆಯ ಜಾಯಿಂಟನ್ನು ಪುಟ್ಟ ಕಾರುಗಳ ಲೋಕಕ್ಕೆ ತಂದಿತು. ನಿಮ್ಮ ಹಳೇ ಕಾರಿನಲ್ಲಿರುವುದೂ ಅದೇ ವಂಶದ್ದು.

● ಆ ಆರು ಗುಂಡುಗಳ ಆಯಸ್ಸು ಜಾಯಿಂಟನ್ನು ಮುಚ್ಚಿದ ಒಂದು ರಬ್ಬರ್ ಬೂಟಿನ ಕೈಯಲ್ಲಿದೆ. ಬೂಟು ಹರಿದರೆ ಚಕ್ರ ಸುತ್ತಿದ ರಭಸಕ್ಕೆ ಕಪ್ಪು ಗ್ರೀಸು ಹೊರಗೆ ಚಿಮ್ಮುತ್ತದೆ, ಆ ಜಾಗಕ್ಕೆ ಧೂಳು, ಕೆಸರು ನುಗ್ಗುತ್ತದೆ. ಟೈರಿನ ಒಳಮೈ ಮೇಲೆ ಗ್ರೀಸಿನ ಗೀರು ಕಂಡರೆ ಆ ವಾರವೇ ಗ್ಯಾರೇಜಿಗೆ ಹೋಗಿ. ಕಟಕಟ ಶುರುವಾದ ಮೇಲೆ ಬೂಟು ಹಾಕಿಸಿ ಪ್ರಯೋಜನವಿಲ್ಲ.

● ಎಡ ಆಕ್ಸಲ್, ಬಲ ಆಕ್ಸಲ್ ಅವಳಿ-ಜವಳಿ ಅಲ್ಲ. ಎಂಜಿನ್ ಅಡ್ಡಲಾಗಿ ಕೂತ ಕಾರುಗಳಲ್ಲಿ ಗೇರ್‌ಬಾಕ್ಸು ಒಂದು ಬದಿಗೆ ಸರಿದಿರುತ್ತದೆ. ಅದಕ್ಕೇ ಸಾಮಾನ್ಯವಾಗಿ ಒಂದು ಗಿಡ್ಡ, ಒಂದು ಉದ್ದ.

● ಹಳೇ ಕಾರಿಗೆ ಆಕ್ಸಲ್ ತರುವುದೆಂದರೆ ಜಾತಕ ಕೂಡಿಸಿದ ಹಾಗೆ. ಉದ್ದ ಕೂಡಬೇಕು. ಚಕ್ರ ಕೂರುವ ಹಬ್ಬಿನ ಕಡೆಯ ಹಲ್ಲು ಕೂಡಬೇಕು. ಗೇರ್‌ಬಾಕ್ಸಿನ ಕಡೆಯ ಹಲ್ಲೂ ಕೂಡಬೇಕು. ಕಾರಿನ ಹೆಸರು ಒಂದೇ ಇದ್ದರೂ ತಯಾರಿಸಿದ ವರ್ಷ ಬೇರೆಯಾದರೆ, ಗೇರ್‌ಬಾಕ್ಸು ಬದಲಾಗಿದ್ದರೆ, ಎಬಿಎಸ್ ಬ್ರೇಕು ಬಂದಿದ್ದರೆ ಲೆಕ್ಕ ತಪ್ಪುತ್ತದೆ. ನಾನೊಮ್ಮೆ ಗುಜರಿ ಅಂಗಡಿಯೊಂದರಿಂದ 'ಇದೇ ಸಾರ್, ಕಣ್ಣು ಮುಚ್ಚಿಕೊಂಡು ಹಾಕಿ' ಅನ್ನಿಸಿಕೊಂಡು ಒಂದನ್ನು ತಂದೆ. ಗೇರ್‌ಬಾಕ್ಸಿನ ಕಡೆ ಬೆಣ್ಣೆಯಂತೆ ಕೂತಿತು. ಹಬ್ಬಿನ ಕಡೆ ಏನು ಮಾಡಿದರೂ ಒಳಗೆ ಹೋಗಲೊಲ್ಲದು. ನೆಲದ ಮೇಲೆ ಎರಡನ್ನೂ ಅಕ್ಕಪಕ್ಕ ಮಲಗಿಸಿ, ಚಾಕ್‌ಪೀಸಿನಲ್ಲಿ ಗುರುತು ಹಾಕಿ ಹಲ್ಲು ಎಣಿಸಿದಾಗ ಹೊಸದರಲ್ಲಿ ಒಂದು ಹೆಚ್ಚಿತ್ತು. ಒಂದೇ ಒಂದು! ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೂ, ನಿಮ್ಮ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೂ, ಹಳೆಯದನ್ನು ಗೋಣಿಚೀಲದಲ್ಲಿ ಸುತ್ತಿ ಜೊತೆಗೇ ಒಯ್ಯಿರಿ. ಷಾಸಿ ನಂಬರೂ ಜೇಬಿನಲ್ಲಿರಲಿ.

● ಬೇರಿಂಗು ಕೂರುವ ಎರಕದ ಭಾಗಕ್ಕೆ ಗ್ಯಾರೇಜಿನಲ್ಲಿ 'ನಕಲ್' ಅನ್ನುತ್ತಾರೆ. 'ನಕಲ್ ಬಿಚ್ಚಬೇಕು ಸಾರ್' ಎಂದರೆ ಡೂಪ್ಲಿಕೇಟ್ ಮಾಲು ಎಂದು ಗಾಬರಿಯಾಗಬೇಡಿ. ಅದು ಸ್ಟಿಯರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ ಮಣಿಕಟ್ಟು.

● ಹೊಸ ಬೇರಿಂಗನ್ನು ಹಾಕುವಾಗಲೇ ಕೊಲ್ಲಬಹುದು! ನಕಲ್‌ನೊಳಗೆ ತಳ್ಳುವಾಗ ಹೊರಬಳೆಯ ಮೇಲೆ ಮಾತ್ರ ಒತ್ತಬೇಕು. ಅದರೊಳಗೆ ಹಬ್ ಕೂರಿಸುವಾಗ ಒಳಬಳೆಗೆ ಆಸರೆ ಕೊಡಬೇಕು. ಅದಲುಬದಲಾದರೆ ಟನ್‌ಗಟ್ಟಲೆ ಒತ್ತಡ ಗುಂಡುಗಳ ಮೂಲಕವೇ ಹಾದು, ನುಣುಪಾದ ಹಾದಿಯಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೂ ಅದೇ ಗತಿ. ಪ್ರೆಸ್ ಇರುವ ಲೇತ್ ಅಂಗಡಿಗೆ ನಕಲ್ ಕೊಟ್ಟು ಕಳಿಸುವ ಮೆಕ್ಯಾನಿಕ್ಕು ಸೋಮಾರಿಯಲ್ಲ, ಬಲ್ಲವನು.

● ಆ ಕುಳಿಗೆ ಬ್ರಿನೆಲಿಂಗ್ ಎಂದು ಹೆಸರು. ಉಕ್ಕಿನ ಗುಂಡನ್ನು ಲೋಹಕ್ಕೆ ಒತ್ತಿ, ಬಿದ್ದ ಕುಳಿಯ ಅಗಲದಿಂದ ಗಡಸುತನ ಅಳೆದ ಸ್ವೀಡನ್ನಿನ ಯೋಹಾನ್ ಬ್ರಿನೆಲ್ ಹೆಸರಿನಿಂದ ಬಂದದ್ದು.

● 'ಸುಳ್ಳು ಬ್ರಿನೆಲಿಂಗ್' ಕೂಡ ಇದೆ! ಅಮೆರಿಕದಲ್ಲಿ ಡೆಟ್ರಾಯಿಟ್‌ನಿಂದ ರೈಲಿನಲ್ಲಿ ದೂರದೂರಿಗೆ ಸಾಗಿಸಿದ ಹೊಚ್ಚಹೊಸ ಕಾರುಗಳ ಬೇರಿಂಗು ರಸ್ತೆಗಿಳಿಯುವ ಮೊದಲೇ ಹಾಳಾಗಿರುತ್ತಿದ್ದವು. ಚಕ್ರ ಸುತ್ತಿರಲಿಲ್ಲ, ನಿಂತಲ್ಲೇ ನಡುಗಿತ್ತು. ಸುತ್ತದ ಗುಂಡಿನಡಿಗೆ ಗ್ರೀಸು ಹರಿಯದೆ ಒಂದೇ ಜಾಗ ಉಜ್ಜಿ ಉಜ್ಜಿ ಸವೆದಿತ್ತು.

● ಬೇರಿಂಗು ಸಲೀಸಾಗಿ ಕೂರಬೇಕೆಂದರೆ ರಾತ್ರಿಯಿಡೀ ಫ್ರೀಜರಿನಲ್ಲಿಡಿ, ತೇವ ತಾಕದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. 60 ಮಿ.ಮೀ. ಅಗಲದ ಉಕ್ಕಿನ ಬಳೆ 50 ಡಿಗ್ರಿ ತಣ್ಣಗಾದರೆ ಸುಮಾರು 0.036 ಮಿ.ಮೀ. ಕುಗ್ಗುತ್ತದೆ. ಅರ್ಧ ಕೂದಲೆಳೆ ಅಷ್ಟೇ, ಆದರೆ ಜಗಳವೂ ಅಷ್ಟರದ್ದೇ. ಐಸ್‌ಕ್ರೀಮಿನ ಪಕ್ಕ ಇಟ್ಟದ್ದಕ್ಕೆ ಮನೆಯಲ್ಲಿ ಬೈಸಿಕೊಳ್ಳುವುದು ನಿಮ್ಮ ಹಣೆಬರಹ.

● ಆಕ್ಸಲ್‌ನ ತುದಿಯಲ್ಲಿರುವ ದೊಡ್ಡ ನಟ್ಟನ್ನು ಎಷ್ಟೋ ಪುಟ್ಟ ಕಾರುಗಳಲ್ಲಿ 200 ನ್ಯೂಟನ್ ಮೀಟರ್ ಆಸುಪಾಸು ಬಿಗಿಯಬೇಕು. ಒಂದು ಮೀಟರ್ ಉದ್ದದ ಪಾನಾದ ತುದಿಗೆ 20 ಕೆ.ಜಿ. ಅಕ್ಕಿ ಮೂಟೆ ತೂಗುಹಾಕಿದಷ್ಟು. ಸಡಿಲಿಸುವುದಾದರೆ ಕಾರನ್ನು ಜಾಕಿ ಮೇಲೆ ಎತ್ತುವ ಮೊದಲೇ, ಒಬ್ಬರು ಬ್ರೇಕು ಒತ್ತಿ ಹಿಡಿದಿರುವಾಗ ಸಡಿಲಿಸಬೇಕು. ಎರಡು ಸಾಲು ಗುಂಡಿನ ಎಷ್ಟೋ ಬೇರಿಂಗುಗಳನ್ನು ಸರಿಯಾಗಿ ಅಮುಕಿ ಹಿಡಿಯುವುದು ಇದೇ ನಟ್ಟು. ಆದ್ದರಿಂದ ಆಕ್ಸಲ್ ಬಿಚ್ಚಿದ ಕಾರನ್ನು ಚಕ್ರದ ಮೇಲೆ ಇಳಿಸಿ 'ಸ್ವಲ್ಪ ಆಚೆ ತಳ್ರೋ' ಅಂದರೆ ಹೊಸ ಬೇರಿಂಗು ಅಲ್ಲೇ ಕೆಡಬಹುದು.

● ಗಾಡಿಯ ಅಚ್ಚಿಗೆ ಗುಂಡಿನ ಬೇರಿಂಗು ಹಾಕಿ ಪೇಟೆಂಟ್ ಪಡೆದವರು ವೇಲ್ಸ್‌ನ ಫಿಲಿಪ್ ವಾನ್, 1794ರಲ್ಲಿ. ಕಾರಿಗಲ್ಲ, ಕುದುರೆ ಗಾಡಿಗೆ.

● 'ವೋಲ್ವೋ' ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ನಾನು ಉರುಳುತ್ತೇನೆ'. ಸ್ವೀಡನ್ನಿನ ಬೇರಿಂಗು ಕಂಪನಿ ಎಸ್‌ಕೆಎಫ್ 1915ರಲ್ಲಿ ಈ ಹೆಸರು ನೋಂದಾಯಿಸಿದ್ದು ಬೇರಿಂಗಿಗೆಂದೇ. ಕಾರು ಬಂದದ್ದು 1927ರಲ್ಲಿ. ನಮ್ಮಲ್ಲಂತೂ ಯಾವ ಕಂಪನಿಯ ಎಸಿ ಬಸ್ಸು ಬಂದರೂ 'ವೋಲ್ವೋ ಬಂತು' ಅನ್ನುತ್ತೇವೆ.

● ಬಿಚ್ಚಿದ ಹಳೆ ಬೇರಿಂಗನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದಿರಾ? ಮೂರು ಬೇರಿಂಗು, ಒಂದು ಹಲಗೆ, ಮುಂದೆ ತಿರುಗಿಸಲು ಅಡ್ಡಪಟ್ಟಿ, ಅದಕ್ಕೆ ಹಗ್ಗ: ಒಂದು ಕಾಲದಲ್ಲಿ ಇಳಿಜಾರಿನ ಬೀದಿಗಳಲ್ಲಿ ಹುಡುಗರ ಬೇರಿಂಗ್ ಗಾಡಿ ತಯಾರಾಗುತ್ತಿದ್ದದ್ದು ಹೀಗೆ. ಕಾರಿನಲ್ಲಿ ನಿದ್ದೆ ಕೆಡಿಸಿದ ಅದೇ ಗರಗರ ಸದ್ದು ಟಾರು ರಸ್ತೆಯ ಮೇಲೆ ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು.